ಒಂಬತ್ತನೆಯ ತೊಗಟೆ

ಪ್ರಯೋಗಾಲಯ, ಸೋಸುವ ಕೋಣೆ
ಫೆಬ್ರವರಿ ೧೮, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯಾ? ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ಕಟ್ಟಿಕೊಟ್ಟ ಹಾಗೆಯೇ ವಾಪಸ್ ತರುತ್ತೀಯೋ? ನಾವಿಬ್ಬರೂ ಚೆನ್ನಾಗಿದ್ದೇವೆ. ಕಾಡಿನ ಬಿಡಾರದ ಅಡುಗೆಯವನು ಉಪ್ಪು ಹಾಕುವುದನ್ನೇ ಮರೆತಿದ್ದಾನೆ ಎಂದು ಮೂರು ಕಾಗದಗಳಲ್ಲೂ ದೂರಿದ್ದೀಯಲ್ಲ, ಅದನ್ನು ಓದಿ ಅಮ್ಮ, "ಮೂವತ್ತೈದು ವರ್ಷ ನನ್ನ ಅಡುಗೆಗೆ ಹೆಸರಿಟ್ಟಿದ್ದು ಸಾಲದು ಅಂತ ಈಗ ಆ ಬಡಪಾಯಿ ಮೇಲೆ ಬಿದ್ದಿದ್ದಾರೆ" ಎಂದಳು. ಆದರೂ ಒಂದು ಪೊಟ್ಟಣ ಉಪ್ಪು ಕಟ್ಟಿದ್ದಾಳೆ. ಎಲ್ಲವನ್ನೂ ಒಂದೇ ಸಲ ಸುರಿದುಕೊಳ್ಳಬೇಡ, ನಿನಗೆ ರಕ್ತದೊತ್ತಡ ಇದೆ ಎನ್ನುವುದು ನೆನಪಿರಲಿ.

ಇನ್ನು ಜಗಳಕ್ಕೆ ಬರುತ್ತೇನೆ. ನಿನ್ನ ಪೆಟ್ಟಿಗೆ ಶನಿವಾರದ ಜೀಪಿನಲ್ಲಿ ಬಂತು. ಇಪ್ಪತ್ತೆರಡು ತೊಗಟೆ, ಆರು ಅಣಬೆ. ಅಣಬೆಗಳಲ್ಲಿ ಎರಡು ಕೊಳೆತು ನೀರಾಗಿದ್ದವು. "ಕಟ್ಟುವಾಗಲೇ ನಾತ ಹೊಡೀತಿತ್ತು, ಹೇಳಿದ್ರೆ ನಿಮ್ಮ ತಂದೆಯವರು ನನಗೇ ಬೈದ್ರು" ಎಂದು ಚಾಲಕ ಇಲ್ಲಿ ಎಲ್ಲರೆದುರು ಹೇಳಿದ. ಆ ಪೆಟ್ಟಿಗೆಯನ್ನು ಒಳಗೆ ಬಿಡುವುದಕ್ಕೂ ಕಾವಲುಗಾರ ಒಪ್ಪಲಿಲ್ಲ. ಗೊಬ್ಬರದ ಗುಂಡಿಯ ಪಕ್ಕ ಕೂತು ಒಂದೊಂದೇ ಬಿಚ್ಚಿದೆ. ನನ್ನ ಕೈ ಇನ್ನೂ ನಾರುತ್ತಿದೆ, ಮೂರು ಸಲ ಸಾಬೂನು ಹಚ್ಚಿದರೂ ಹೋಗಿಲ್ಲ. ಇಷ್ಟು ವರ್ಷ ಅಣಬೆ ಒಣಗಿಸಿದವನಿಗೆ ಇದನ್ನು ನಾನು ಹೇಳಿಕೊಡಬೇಕೇ?

ಅದು ಹೋಗಲಿ ಎಂದರೆ, ನಿನ್ನ ರುಚಿಯ ಕಾಲಂ. ಪ್ರತಿ ಚೀಟಿಯಲ್ಲೂ ಮರದ ಎತ್ತರ, ಜಾಗ, ದಿನಾಂಕದ ಕೆಳಗೆ ನೀನೇ ಪೆನ್ಸಿಲಿನಿಂದ ಗೆರೆ ಎಳೆದು "ರುಚಿ" ಎಂದು ಬರೆಯುತ್ತೀಯಲ್ಲ, ಇಲ್ಲಿ ಎಲ್ಲರೂ ಮೊದಲು ಓದುವುದು ಅದನ್ನೇ. "ಮೊದಲು ಒಗರು, ಹತ್ತು ಎಣಿಸುವಷ್ಟರಲ್ಲಿ ಕಹಿ, ನಲವತ್ತಕ್ಕೆ ತುಟಿ ಜುಮ್" ಎಂದು ನೀನು ಬರೆದ ತೊಗಟೆಯಲ್ಲಿ ಔಷಧದ ಅಂಶವೇನೋ ಇದೆ ಎಂದೇ ಲೆಕ್ಕ. ರಾಸಾಯನಿಕಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಯಂತ್ರ ನಮ್ಮ ಪಾಲಿಗೆ ಬರುವುದು ತಿಂಗಳಿಗೆ ಎರಡೇ ದಿನ. ಯಾವ ತೊಗಟೆಯನ್ನು ಮೊದಲು ಹಾಕಬೇಕೆಂದು ಹೇಳುತ್ತಿದ್ದದ್ದು ನಿನ್ನ ನಾಲಿಗೆ. ಈ ಸಲ ನೋಡಿದರೆ ಒಂದರಿಂದ ಇಪ್ಪತ್ತೆರಡರವರೆಗೆ ಎಲ್ಲದಕ್ಕೂ ಒಂದೇ ಮಾತು: ಸಪ್ಪೆ. ಮಂಚದ ಮೇಲೆ ಕಾಲು ಚಾಚಿಕೊಂಡು ಒಂದೇ ಉಸಿರಿಗೆ ಬರೆದು ಮುಗಿಸಿದೆಯಾ?

ನಮ್ಮ ಮುಖ್ಯಸ್ಥರು ಚೀಟಿಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಮೇಜಿನ ಮೇಲೆ ಹರಡಿಕೊಂಡು ನನ್ನನ್ನು ಕರೆಸಿದರು. "ನಿಮ್ಮ ತಂದೆಯವರ ನಾಲಿಗೆ ನಂಬಿ ಇಷ್ಟು ದಿನ ನಡೆಸಿದ್ವಿ. ಅದೂ ಇಲ್ಲ ಅಂದ್ಮೇಲೆ, ಮರ ಹತ್ತೋಕೆ ಬೇರೆ ಯಾರಾದ್ರೂ ಸಾಕಲ್ಲ" ಎಂದರು. ಶುಕ್ರವಾರದೊಳಗೆ ನಾನು ಬರೆದು ಕೊಡಬೇಕು, ಮುಂದಿನ ವರ್ಷ ನಿನ್ನನ್ನು ಕಳಿಸಬೇಕೋ ಬೇಡವೋ ಎಂದು. ಮಗಳ ಕೈಯಲ್ಲೇ ಬರೆಸುತ್ತಾರಂತೆ. ಕಾಡಿಗೆ ಹೋಗಬೇಡ ಎಂದರೆ ನೀನು ಹೇಗಿರುತ್ತೀಯ ಎಂದು ನನಗೆ ಗೊತ್ತು, ಆ ಮುಖವನ್ನು ದಿನವೂ ನೋಡಬೇಕಾದವಳು ಅಮ್ಮ.

ನಿನ್ನ ಮಾನ ಉಳಿಸಲೆಂದು ಇಪ್ಪತ್ತೆರಡನ್ನೂ ನಾನೇ ಅರೆದು, ಕುದಿಸಿ, ಸೋಸಿ ಪರೀಕ್ಷಿಸಿದೆ. ಮೂರು ದಿನದಲ್ಲಿ ಬೆನ್ನು ಬಿದ್ದುಹೋಯಿತು. ಒಂಬತ್ತನೆಯ ಕಷಾಯಕ್ಕೆ ಪರೀಕ್ಷೆಯ ದ್ರಾವಣ ಒಂದು ಹನಿ ಬಿದ್ದದ್ದೇ ತಡ, ಕಿತ್ತಳೆ ಬಣ್ಣದ ಮಡ್ಡಿ ಕೊಳವೆಯ ಅರ್ಧದವರೆಗೆ ಕೂತಿತು. ಕಹಿಗೆ ಕಾರಣವಾಗುವ ಆಲ್ಕಲಾಯ್ಡ್ ಇಷ್ಟು ತುಂಬಿದ ತೊಗಟೆ ಸಪ್ಪೆ ಇರಲು ಸಾಧ್ಯವೇ? ಅದರ ಚೀಟಿಯಲ್ಲಿ ನೀನು, "ಸಪ್ಪೆ. ಮೂರು ಸಲ ಅಗಿದು ನೋಡಿದೆ" ಎಂದು ಬರೆದಿದ್ದೀಯ. ಬರೆಯದೆ ಬಿಟ್ಟಿದ್ದರೂ ಕ್ಷಮಿಸುತ್ತಿದ್ದೆ. ಸುಳ್ಳನ್ನು ಲೆಕ್ಕ ಹಾಕಿ ಬರೆದಿದ್ದಕ್ಕೆ ಸಿಟ್ಟು ಬಂದಿದೆ.

ನಾಲಿಗೆಯ ತುದಿಗೆ ಮುಟ್ಟಿಸು, ಉಗಿ, ಬಾಯಿ ಮುಕ್ಕಳಿಸು, ನೂರು ಎಣಿಸು ಎಂದು ನನಗೆ ಕಲಿಸಿದವನು ನೀನು. "ಕಹಿ ಅಂದ್ರೆ ಮರ ನಮಗೆ ಸಾಕು ನಿಲ್ಲಿಸು ಅಂತ ಹೇಳ್ತಿದೆ ಅಂತ" ಎನ್ನುತ್ತಿದ್ದೆ. ವಿಷದ ಅಣಬೆ ಆ ಸುಳಿವನ್ನೂ ಕೊಡದೆ ಇರಬಹುದು ಎಂದು ಅಣಬೆಗೆ ಮಾತ್ರ ನೀನು ಎಂದೂ ನಾಲಿಗೆ ತಾಗಿಸಲಿಲ್ಲ. ಅಷ್ಟು ಶಿಸ್ತಿದ್ದ ಮನುಷ್ಯ ಈಗ ಹೀಗೆ ಮಾಡಿದರೆ ನಾನು ಯಾರ ಪರ ವಾದಿಸಲಿ? ಇಲ್ಲಿ ತೊಗಟೆಯನ್ನು ಬಾಯಿಗಿಟ್ಟರೆ ಕೆಲಸದಿಂದ ತೆಗೆಯುತ್ತಾರೆ, ಇಲ್ಲದಿದ್ದರೆ ಒಂಬತ್ತನ್ನು ನಾನೇ ಕಚ್ಚಿ ನಿನ್ನ ಸುಳ್ಳನ್ನು ಹಿಡಿಯುತ್ತಿದ್ದೆ.

ಇಷ್ಟು ಬೈದದ್ದಕ್ಕೆ ಊಟ ಬಿಡಬೇಡ. ರಾತ್ರಿ ಕಾಲಿಗೆ ಬೆಚ್ಚಗೆ ಹೊದ್ದುಕೋ. ಅಮ್ಮ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ, ಜೊತೆಗೆ ಎಣ್ಣೆಯ ವಿಷಯವನ್ನೂ.

ಸಿಟ್ಟಿನಲ್ಲಿರುವ ನಿನ್ನ
ಮಗಳು

ತಾ.ಕ. ಅಪ್ಪಾ, ಈಗ ನಾಲ್ಕು ಗಂಟೆ, ಚಾಲಕ ಹಾರ್ನ್ ಹೊಡೆಯುತ್ತಿದ್ದಾನೆ. ತಡೆಯಲಾಗದೆ ಒಂಬತ್ತರಲ್ಲಿ ಉಳಿದ ತುಂಡನ್ನು ಪೊಟ್ಟಣದಿಂದ ತೆಗೆದೆ. ಅದರ ಅಂಚಿನಲ್ಲಿ ಮೂರು ಕಡೆ ಹಲ್ಲಿನ ಗುರುತಿದೆ. ನಾಲ್ಕನೆಯ ಕಡೆ ನಾನು ತುದಿನಾಲಿಗೆ ಮುಟ್ಟಿಸಿದೆ, ಅಷ್ಟೆ. ಉಗಿದು ಐದು ಸಲ ಬಾಯಿ ತೊಳೆದರೂ ಕಣ್ಣಲ್ಲಿ ನೀರು ಬರುವುದು ನಿಂತಿಲ್ಲ, ಅಷ್ಟು ಕಹಿ. ನೀನು ಇದನ್ನು ಮೂರು ಸಲ ಅಗಿದಿದ್ದೀಯ. ನೀನು ಸುಳ್ಳು ಬರೆದಿರಲಿಲ್ಲ. ನನ್ನನ್ನು ಕ್ಷಮಿಸು. ಇನ್ನು ಒಂದು ಚೂರನ್ನೂ ಬಾಯಿಗೆ ಇಡಬೇಡ, ಕಾಗದ ಓದಿದ ತಕ್ಷಣ ಇದೇ ಜೀಪಿನಲ್ಲಿ ಹೊರಟು ಬಾ, ನೇರವಾಗಿ ವೈದ್ಯರ ಹತ್ತಿರ ಹೋಗೋಣ. ಮುಖ್ಯಸ್ಥರಿಗೆ ಏನು ಬರೆಯಬೇಕೆಂದು ಆಮೇಲೆ ನೋಡೋಣ. ಅಡುಗೆಯವನಿಗೆ ಬೈಯಬೇಡ ಅಪ್ಪಾ, ಅವನು ಉಪ್ಪು ಹಾಕಿದ್ದಾನೆ.