ಸಾರಿಗೆ ಉಪ್ಪಿಲ್ಲ ಎಂದ ದಿನ

ದೊಡ್ಡನೆಕ್ಕುಂದಿ, ಬೆಂಗಳೂರು
೧೮ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ಮಗಳು ನಿವೇದಿತಾಗೆ,

ಸೊಸೆ ಎಂದು ಬರೆಯಲು ಮನಸ್ಸು ಬರಲಿಲ್ಲ, ಮಗಳು ಎಂದೇ ಬರೆದೆ. ಹೇಗಿದ್ದೀಯಮ್ಮಾ? ನಿನ್ನ ಅಮ್ಮನ ಮಂಡಿನೋವು ಕಡಿಮೆಯಾಯಿತೇ? ರಂಜನಿ ದಾವಣಗೆರೆಯ ಹೊಸ ಶಾಲೆಗೆ ಹೊಂದಿಕೊಂಡಳೇ? ಅವಳ ಹಣೆಯ ಗಾಯದ ಗುರುತು ಮಾಸಿತೇ? ಇದನ್ನು ಕೇಳಲು ನನಗೆ ಧೈರ್ಯ ಬೇಕಾಯಿತು. ನಾನೂ ನಿನ್ನ ಅತ್ತೆಯೂ ಆರೋಗ್ಯವಾಗಿದ್ದೇವೆ. ನಿನ್ನ ಗಂಡನ ವಿಷಯ ಬರೆಯಲೆಂದೇ ಕೂತಿದ್ದೇನೆ. ಒಳ್ಳೆಯ ಸುದ್ದಿಯೇ, ಗಾಬರಿಯಾಗಬೇಡ.

ರಂಜನಿಯ ಹುಟ್ಟುಹಬ್ಬದ ದಿನ ಬಲೂನು ಒಡೆದ ಸದ್ದಿಗೆ ರುದ್ರೇಶ ಮೇಜು ಉರುಳಿಸಿ ನೆಲಕ್ಕೆ ಬಿದ್ದು, ಮಗುವಿನ ಹಣೆ ಒಡೆದು, ನೀನು ಅವಳನ್ನು ಕರೆದುಕೊಂಡು ತವರಿಗೆ ಹೋದೆಯಲ್ಲ, ಆಮೇಲೆ ಅವನು ಕೋಣೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ. ಗೋದಾಮಿನ ಸೆಕ್ಯೂರಿಟಿ ಕೆಲಸವನ್ನೂ ಬಿಟ್ಟ. ಹಿಂದಿನ ರಸ್ತೆಯ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರ ಬಡಿದರೆ ಮೈಯೆಲ್ಲ ಬೆವರುತ್ತಿದ್ದ. ಕೊನೆಗೆ ನಾನೇ ಡಾಕ್ಟರ ಬಳಿ ಕರೆದೊಯ್ದೆ. ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಗುಣ ಕಾಣದಿದ್ದಾಗ ಅವರು ಅಯಸ್ಕಾಂತದ ಚಿಕಿತ್ಸೆ ಮಾಡೋಣವೆಂದರು. ತಲೆಗೆ ಕರೆಂಟು ಕೊಡುತ್ತಾರೇನೋ ಎಂದು ನಿನ್ನ ಅತ್ತೆ ಹೆದರಿಬಿಟ್ಟಳು. ಹಾಗಲ್ಲ ಕಣಮ್ಮಾ. ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಸೇನೆಯಲ್ಲಿದ್ದವನು, ತಲೆಯಲ್ಲಿ ಲೋಹದ ಚೂರೇನಾದರೂ ಉಳಿದಿದೆಯೇ ಎಂದು ಮೊದಲೇ ಸ್ಕ್ಯಾನ್ ಮಾಡಿ ನೋಡಿದರು. ಆಮೇಲೆ ತಲೆಯ ಎಡಮುಂಭಾಗಕ್ಕೆ ಎಂಟರ ಆಕಾರದ (ನಮ್ಮ ಎಂಟಲ್ಲ, ಇಂಗ್ಲಿಷ್ ಎಂಟು) ಒಂದು ಸುರುಳಿ ಒತ್ತಿ ಹಿಡಿದರು. ಟಕಟಕಟಕ ಎಂದು ಸದ್ದು, ಅಷ್ಟೇ. ಎಷ್ಟು ಶಕ್ತಿ ಬೇಕೆಂದು ಮೊದಲ ದಿನ ಅಳೆಯುವಾಗ ಅವನ ಬಲಗೈ ಹೆಬ್ಬೆರಳು ತಾನಾಗಿಯೇ ಕುಣಿಯಿತು! ಮೂವತ್ತೆರಡು ವರ್ಷ ಗ್ರೈಂಡಿಂಗ್ ಯಂತ್ರದ ಮೇಲೆ ಉಜ್ಜುವ ಕಬ್ಬಿಣ ಅಲುಗದಂತೆ ಅಯಸ್ಕಾಂತಕ್ಕೆ ಕಚ್ಚಿಸಿದವನು ನಾನು. ಅದು ಮನುಷ್ಯನ ಬೆರಳನ್ನು ಎತ್ತುವುದನ್ನು ಅಂದೇ ನೋಡಿದ್ದು.

ಎರಡು ವಾರ ಏನೂ ಆಗಲಿಲ್ಲ, ತಲೆನೋವು ಮಾತ್ರ. ಒಂದು ಬೆಳಿಗ್ಗೆ "ಸಾಕು ಅಪ್ಪಾಜಿ, ನಾನು ಬರಲ್ಲ" ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಮರುದಿನ ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತೆ. ಹತ್ತು ನಿಮಿಷಕ್ಕೆ ಎದ್ದು ಬಂದ. ನಾಲ್ಕನೆಯ ವಾರ ಊಟಕ್ಕೆ ಕೂತವನು, "ಅಮ್ಮಾ, ಸಾರಿಗೆ ಉಪ್ಪೇ ಹಾಕಿಲ್ವಲ್ಲ" ಎಂದ. ಎದುರಿಗಿಟ್ಟದ್ದನ್ನು ರುಚಿಯೇ ತಿಳಿಯದೆ ಎರಡು ವರ್ಷ ತಿಂದವನು! ಉಪ್ಪು ತರಲು ಹೋದ ನಿನ್ನ ಅತ್ತೆ ಅಡುಗೆಮನೆಯಲ್ಲೇ ನಿಂತು ಅತ್ತಳು. "ಅಯ್ಯೋ, ಅಷ್ಟಕ್ಕೆಲ್ಲ ಅಳ್ತಾರೇನಮ್ಮಾ?" ಎಂದು ಇವನಿಗೆ ಗಾಬರಿ.

ಮೊನ್ನೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಶಶಿಕುಮಾರನ ಹೆಸರೆತ್ತಿದ. ಗಡಿಯಲ್ಲಿ ಗಾಡಿ ಸಿಡಿದಾಗ ಪಕ್ಕದಲ್ಲಿದ್ದ ಗೆಳೆಯ, ಅಲ್ಲೇ ಪ್ರಾಣಬಿಟ್ಟವನು. "ಅವನ ತುಟಿ ಆಡ್ತಾ ಇತ್ತು ಅಪ್ಪಾಜಿ. ನನ್ನ ಕಿವಿ ಮುಚ್ಚಿಹೋಗಿತ್ತು. ಏನ್ ಹೇಳ್ದ ಅಂತ ಕೇಳಿಸ್ಲೇ ಇಲ್ಲ." ಎಂಟು ವರ್ಷದಿಂದ ನಮಗ್ಯಾರಿಗೂ ಹೇಳದ ಮಾತು. ಪೂರ್ತಿ ವಾಸಿಯಾಯಿತೆಂದು ನಾನು ಹೇಳುವುದಿಲ್ಲ. ಮಾತ್ರೆ ಇದೆ, ವಾರಕ್ಕೊಮ್ಮೆ ಕೌನ್ಸೆಲಿಂಗ್ ಇದೆ. ಅಯಸ್ಕಾಂತದ್ದು ಇವತ್ತಿಗೆ ಇಪ್ಪತ್ತನಾಲ್ಕು ಸಲ ಆಯಿತು, ಇನ್ನು ಆರು. ಆದರೆ ಸಂಜೆ ಹೊರಗೆ ಬಂದು ಕೂರುತ್ತಾನೆ. ನಿದ್ದೆ ಮಾಡುತ್ತಾನೆ. ನಮಗೂ ನಿದ್ದೆ ಬರುತ್ತಿದೆ.

ನಿನ್ನ ಅಪ್ಪ ಅಮ್ಮನಿಗೆ ನಮ್ಮ ಶರಣು ತಿಳಿಸು. ರಂಜನಿಗೆ ತಾತನ ಮುತ್ತು. ಶಿವ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಮಾವ,
ಚನ್ನವೀರಪ್ಪ

ತಾ.ಕ.: ಹೇಳಬೇಕಾದದ್ದನ್ನೇ ಬಿಟ್ಟು ಲಕೋಟೆ ಅಂಟಿಸಲು ಹೊರಟಿದ್ದೆ. ಎರಡು ವರ್ಷದ ಹಿಂದೆ ನೀನು ಅವನಿಗಾಗಿ ಮನೋವೈದ್ಯರ ಸಮಯ ಗೊತ್ತುಮಾಡಿದ್ದೆ. "ಅವರೇ ಕ್ಯಾನ್ಸಲ್ ಮಾಡಿದ್ರಂತೆ" ಎಂದು ನಿನಗೆ ಹೇಳಿದೆ. ಸುಳ್ಳು. ಮಿಲಿಟರಿಯಲ್ಲಿದ್ದವನಿಗೆ ಹುಚ್ಚು ಎಂದು ಜನ ಆಡಿಕೊಂಡಾರೆಂದು ಫೋನ್ ಮಾಡಿ ಬೇಡವೆಂದವನು ನಾನೇ. ನೀನು ಏನೂ ಪ್ರಯತ್ನ ಮಾಡಲಿಲ್ಲವೆಂದೇ ಅವನು ತಿಳಿದಿದ್ದ. ನಿನ್ನೆ ಅವನಿಗೆ ಹೇಳಿಬಿಟ್ಟೆ. "ನನಗಲ್ಲ ಅಪ್ಪಾಜಿ, ಅವಳಿಗೆ ಹೇಳಿ" ಎಂದ. ಹೇಳಿದ್ದೇನೆ. ನೀನು ಬರುವುದೂ ಬಿಡುವುದೂ ನಿನಗೆ ಸೇರಿದ್ದು. ಸಿಟ್ಟು ಮಾತ್ರ ಅವನ ಮೇಲೆ ಬೇಡ, ನನ್ನ ಮೇಲಿರಲಿ.