ಮೇಷ್ಟ್ರ ದನಿಗೊಂದು ಡೆಸ್ಕ್‌ಟಾಪ್

ಜನವರಿ 8. ಗುಂಡ್ಲುಪೇಟೆ

ಮತ್ತೆ ಹ್ಯಾಂಗ್. ಕ್ಯಾಸೆಟ್ ತನ್ನ ಪಾಡಿಗೆ ಓಡುತ್ತಿದೆ, ಲ್ಯಾಪ್‌ಟಾಪ್ ಕಲ್ಲಿನಂತೆ ಕೂತಿದೆ. ಎ ಸೈಡ್ ಪೂರ್ತಿ ದಂಡ. ರಿವೈಂಡ್. ಮೊದಲಿಂದ.

ಇಳಿದಷ್ಟಾದರೂ ನೆಟ್ಟಗಿದೆಯಾ ಅಂದರೆ ಅದೂ ಇಲ್ಲ. ನಡುನಡುವೆ ಟಕ್ ಟಕ್. ಹಾಡಿನ ಅಡಿಯಲ್ಲಿ ಗುಂಯ್ ಅನ್ನುವ ಸದ್ದು. ಮದುವೆ ಮನೆಯಲ್ಲಿ ಹಾಡು ಹಾಕಲು ಇದು ಸಾಕು. ಹಳೇ ಕ್ಯಾಸೆಟ್ಟಿನಿಂದ ಲೈವ್ ರೆಕಾರ್ಡಿಂಗ್ ಇಳಿಸಿ, ಕತ್ತರಿಸಿ, ತಿದ್ದುವ ಕೆಲಸಕ್ಕೆ ಆಗುವುದಿಲ್ಲ.

ಸಂಜೆ ಮೇಷ್ಟ್ರು ನಮ್ಮ ಮೈಕ್‌ಸೆಟ್ ಅಂಗಡಿಗೆ ಬಂದಿದ್ದರು. ಶಿವರುದ್ರಸ್ವಾಮಿ ಮೇಷ್ಟ್ರು ಬಂದರೆ ಮೊದಲೆಲ್ಲ ಹೈವೇ ಆಚೆ ಬದಿಯಿಂದಲೇ ಗೊತ್ತಾಗುತ್ತಿತ್ತು. ಲಾರಿ ಹಾರ್ನನ್ನೂ ಮೀರಿಸುವ ದನಿ. ಗಂಟಲಿನ ಆಪರೇಷನ್ ಆದ ಮೇಲೆ ಬರೀ ಪಿಸುಮಾತು. ಕಿವಿ ಹತ್ತಿರ ತಂದರೆ ಮಾತ್ರ ಕೇಳುತ್ತದೆ. ಊರೂರಿಗೆ ಹೋಗಿ ರೈತರಿಗೆ, ಡ್ರೈವರ್‌ಗಳಿಗೆ ನಾಟಕ ಕಲಿಸಿದವರು. ಮೇಷ್ಟ್ರು ಮೊದಲು ಹಾಡಬೇಕು, ಪಾತ್ರಧಾರಿ ಕೇಳಿಸಿಕೊಂಡು ಹಾಡಬೇಕು. ಕಲಿಸುವ ಕ್ರಮವೇ ಅದು, ನಾಟಕದ ರಾತ್ರಿ ಸ್ಟೇಜಿನಲ್ಲೂ ಅದೇ.

"ಕುದೇರ್ನವ್ರು ಈ ಸಲ ನಾನ್ ಬರ್ದ ನಾಟ್ಕನೇ ಆಡ್ಬೇಕು ಅಂತವ್ರೆ ಕಣಮ್ಮಿ. ಆದ್ರೆ ವೀಳ್ಯ ಕೊಡಕೆ ಅನುಮಾನ. ಹಾಡಕಾಗ್ದಿರೋ ಮೇಷ್ಟ್ರು ಏನ್ ಹೇಳ್ಕೊಟ್ಟಾನು ಅಂತ."

ಎಲೆ ಅಡಿಕೆ ತಟ್ಟೆ ಯಾರ ಕೈಗೆ ಕೊಡುತ್ತಾರೋ ಅವರೇ ಆ ವರ್ಷದ ಮೇಷ್ಟ್ರು. ಈ ಸಲ ತಪ್ಪಿದರೆ ಇವರನ್ನು ಇನ್ನು ಯಾವ ಊರೂ ಕರೆಯುವುದಿಲ್ಲ. ಅವರಿಗೂ ಗೊತ್ತು. ಅಪ್ಪನಿಗೂ ಗೊತ್ತು, ಅದಕ್ಕೇ ಅಪ್ಪ ತಲೆ ಎತ್ತದೆ ವೈರ್ ಸುತ್ತುತ್ತಾ ಕೂತಿತ್ತು.

ನಾನೇ ಬಾಯಿ ಹಾಕಿದೆ. "ಅಪ್ಪ ಮೈಕ್ ಕಟ್ಟಿದ ನಾಟಕದ್ದೆಲ್ಲ ಕ್ಯಾಸೆಟ್ ಇದೆ ಮೇಷ್ಟ್ರೇ. ಎಲ್ಲ ಹಾಡಲ್ಲೂ ನಿಮ್ ದನಿ ಇದೆ. ಕಂಪ್ಯೂಟರಿಗೆ ಇಳಿಸಿ ಒಂದೊಂದೂ ಬಿಡಿಬಿಡಿಯಾಗಿ ಮಾಡ್ಕೊಡ್ತೀನಿ. ನೀವು ಹಾರ್ಮೋನಿಯಂ ನುಡಿಸಿ, ಹಾಡದು ಕಂಪ್ಯೂಟ್ರು ಹಾಡ್ಲಿ."

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ಆಮೇಲೆ ಲ್ಯಾಪ್‌ಟಾಪ್ ಕಡೆ ನೋಡಿದರು. ಆ ನೋಟಕ್ಕೇ ತೀರ್ಮಾನ ಮಾಡಿದೆ. ಹೊಸದು ತಗೊಳ್ಳಲೇಬೇಕು.


ಜನವರಿ 10

ಅಪ್ಪನ ಜೊತೆ ಜಗಳ.

"ಡಬ್ಬ ಯಾಕಮ್ಮಿ? ಇನ್ನೊಂದ್ ಲ್ಯಾಪ್‌ಟಾಪೇ ತಕ್ಕೊ, ಕಂಕುಳಲ್ಲಿ ಮಡಿಕೊಂಡು ಓಗ್ಬೋದು."

"ಮೆರವಣಿಗೆ ಹೊರಡ್ತೀನಾ ಅಪ್ಪ? ಕೂತು ಮಾಡೋ ಕೆಲಸ."

ಡೆಸ್ಕ್‌ಟಾಪೇ. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗುತ್ತೆ, ಸದ್ದು ಕಡಿಮೆ. ದೊಡ್ಡ ಪರದೆಯಲ್ಲಿ ಹಾಡಿನ ಅಲೆ ಪೂರ್ತಿ ಕಾಣುತ್ತೆ. ಒಳಗೆ ಏನಾದರೂ ಕೆಟ್ಟರೆ ಸ್ಕ್ರೂ ಬಿಚ್ಚಿ ನಾನೇ ನೋಡಬಹುದು. ಆಂಪ್ಲಿಫೈಯರ್ ಬಿಚ್ಚಿದ ಕೈ, ಇದೇನು ಮಹಾ. ಟೇಪಿನ ಸದ್ದನ್ನು ಹಾಳು ಮಾಡದೆ ಒಳಕ್ಕೆ ಬಿಡುವ ಪುಟ್ಟ ಪೆಟ್ಟಿಗೆ ಬೇರೆ ಬೇಕು, ಆಡಿಯೋ ಇಂಟರ್ಫೇಸ್. RAM ಧಾರಾಳವಾಗಿರಲಿ. ಕರೆಂಟ್ ಹೋದರೆ ತಡೆಯಲು ಯುಪಿಎಸ್.

ಮಿಕ್ಕಿದ್ದೆಲ್ಲ ಅಂಗಡಿಯವನ ಬಣ್ಣದ ಮಾತು. ನನ್ನ ಹತ್ತಿರ ನಡೆಯಲ್ಲ.


ಜನವರಿ 13. ಚಾಮರಾಜನಗರದಿಂದ ಬಸ್ಸಿನಲ್ಲಿ

ನಡೆಯಲಿಲ್ಲ!

ಅಂಗಡಿಯ ಗಿರೀಶ್ ಮೊದಲು ತೋರಿಸಿದ್ದು ಗಾಜಿನ ಕ್ಯಾಬಿನೆಟ್. ಒಳಗೆಲ್ಲ ಕೆಂಪು, ನೀಲಿ, ಹಸಿರು ಲೈಟು. ಗಣೇಶನ ಪೆಂಡಾಲ್ ನೋಡಿದ ಹಾಗಾಯಿತು.

"ಗೇಮಿಂಗ್ ಪಿಸಿ ಮೇಡಂ. ಗ್ರಾಫಿಕ್ಸ್ ಕಾರ್ಡ್ ಸೂಪರ್ ಆಗಿದೆ."

"ಹಾಡು ಕಣ್ಣಿಗೆ ಕಾಣಲ್ಲ ರೀ. ಸೀಲಿಂಗ್ ಫ್ಯಾನ್ ಆಫ್ ಮಾಡಿ."

"ಯಾಕ್ ಮೇಡಂ?"

"ಯಾವ ಡಬ್ಬ ಎಷ್ಟು ಕೂಗುತ್ತೆ ಕೇಳ್ಬೇಕು."

ಫ್ಯಾನ್ ನಿಲ್ಲಿಸಿದ. ಇಟ್ಟಿದ್ದಷ್ಟನ್ನೂ ಆನ್ ಮಾಡಿಸಿ, ಬಗ್ಗಿ ಒಂದೊಂದಕ್ಕೂ ಕಿವಿ ಕೊಟ್ಟೆ. ಗಿರಾಕಿಗಳು ನನ್ನನ್ನು ಹುಚ್ಚಿ ಅಂದುಕೊಂಡರೋ ಏನೋ. ಬಣ್ಣದ್ದು ಹಿಟ್ಟಿನ ಗಿರಣಿ. ಮೂಲೆಯಲ್ಲಿದ್ದ ಕರೀ ಡಬ್ಬ, ಲೈಟಿಲ್ಲ, ಗಾಜಿಲ್ಲ, ಆನ್ ಆಗಿದೆಯಾ ಅಂತ ಮುಟ್ಟಿ ನೋಡಬೇಕಾಯಿತು. ಅದೇ ಸಾಕು.

ಗಿರೀಶ್ ಒಂದು ಮಾತು ಹೇಳಿದ. "ಇದರಲ್ಲಿರೋ SSD ಚಿಕ್ಕದು ಮೇಡಂ. ಇನ್ನೊಂದು ದೊಡ್ಡ ಹಾರ್ಡ್ ಡಿಸ್ಕ್ ಹಾಕ್ಸಿ. ಇಳಿಸಿದ ಫೈಲ್ ಮುಟ್ಟದೆ ಹಾಗೇ ಒಂದು ಕಡೆ ಇಡೋಕೆ."

ಡಿಸ್ಕಿಗೂ ಕಿವಿ ಕೊಟ್ಟೆ. ಕರಕರ ಅನ್ನುತ್ತೆ. "ಬೇಡ. ಹಾಡು ಇಟ್ಕೊಂಡು ಕಸ ಬಿಸಾಕೋಳು ನಾನು. ಕಸಕ್ಕೆ ಯಾಕೆ ಬಾಡಿಗೆ ಮನೆ?"

ನಕ್ಕ. ಒಳ್ಳೆ ಹುಡುಗ. ಚೌಕಾಸಿಗೆ ಸ್ವಲ್ಪ ಎಳೆದಾಡಿದ, ಆಮೇಲೆ ಕೀಬೋರ್ಡು ಮೌಸು ಅವನೇ ಸೇರಿಸಿ ಕೊಟ್ಟ. ಡಬ್ಬ ತೊಡೆಯ ಮೇಲಿದೆ. ಪಕ್ಕದ ಅಜ್ಜಿ "ಮಿಕ್ಸೀನಾ ಕೂಸು?" ಅಂತ ಕೇಳಿತು. ಹೂಂ ಅಂದೆ.


ಜನವರಿ 16

ಹಬ್ಬಕ್ಕೆ ಮೈಕ್ ಕಟ್ಟುವ ಕೆಲಸದಲ್ಲಿ ಡಬ್ಬ ಮುಟ್ಟಲಾಗಿರಲಿಲ್ಲ. ಇವತ್ತು ಶುರು.

ಟೇಪ್ ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ ಹಾಕಿ ಹತ್ತಿಯಲ್ಲಿ ಒರೆಸಿದೆ. ಅಪ್ಪ ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ಹಾಕಿ ಸಡಿಲವಾದ ಟೇಪನ್ನು ಬಿಗಿ ಮಾಡಿ ಕೊಟ್ಟಿತು. ಪ್ಲೇ. ರೆಕಾರ್ಡ್.

ಹೆಡ್‌ಫೋನಿನಲ್ಲಿ ಮೇಷ್ಟ್ರು.

"ಗಡಿಯ ಕಾಯುವ ಗಂಡುಗಲಿಗಳೇ, ಗಡಿಗೆ ಬೆನ್ನು ಕೊಡಬೇಡಿ..."

ಮೈ ಜುಮ್ಮೆಂದಿತು. ಟಕ್ ಇಲ್ಲ, ಗುಂಯ್ ಇಲ್ಲ. ಹಾರ್ಮೋನಿಯಂ ತಿದಿ ಒತ್ತುವುದೂ ಕೇಳುತ್ತೆ. ಯಾರೋ ಕೆಮ್ಮಿದ್ದು, ಎಲ್ಲೋ ಮಗು ಅತ್ತಿದ್ದು. ಅಪ್ಪನಿಗೂ ಹೆಡ್‌ಫೋನ್ ಹಾಕಿದೆ. ಕೇಳಿ, ಕೇಳಿ, ತೆಗೆದಿಟ್ಟು, "ಬುಡು, ಡಬ್ಬನೇ ಸರಿ" ಅಂದಿತು. ಇಷ್ಟು ಸಾಕು ನನಗೆ.

ಒಂದೇ ಬೇಜಾರು. ಎಷ್ಟೇ ದೊಡ್ಡ ಪ್ರೊಸೆಸರ್ ಇರಲಿ, ಕ್ಯಾಸೆಟ್ ಮಾತ್ರ ತನ್ನ ನಡಿಗೆಯಲ್ಲೇ ನಡೆಯುವುದು. ರಾತ್ರಿಯೆಲ್ಲ ಆಡಿದ ನಾಟಕಕ್ಕೆ ರಾತ್ರಿಯಷ್ಟೇ ಹೊತ್ತು ಬೇಕು. ಅದಕ್ಕೇ ಪಕ್ಕದಲ್ಲಿ ಈ ಡೈರಿ.


ಜನವರಿ 24

ಇಳಿಸುವುದು, ಕತ್ತರಿಸುವುದು, ಒರೆಸುವುದು. ಊಟ, ಮತ್ತೆ ಅದೇ.

ಎಷ್ಟು ಕೊಳೆ! ಕೆಮ್ಮು, ಶಿಳ್ಳೆ, ನಾಯಿ. ಹಾರ್ಮೋನಿಯಂ ಹತ್ತಿರದ ಮೈಕಿನಲ್ಲಿ ಮೇಷ್ಟ್ರ ಉಸಿರಿನ ಸದ್ದು. ಸಾಲದ್ದಕ್ಕೆ ಹಾಡಿನ ನಡುವೆ ಪಾತ್ರಧಾರಿಗಳ ಮೇಲೆ ಅವರು ಗೊಣಗಿದ್ದು, ಗದರಿದ್ದು. ಎಲ್ಲಾ ಕಚಕ್. ಪಾತ್ರಧಾರಿಯ ಸಾಲೂ ಕಚಕ್. ಮೇಷ್ಟ್ರು ಹಾಡಿದ ಸಾಲುಗಳನ್ನಷ್ಟೇ ಸಾಲಾಗಿ ಜೋಡಿಸಿ ಕೇಳಿದರೆ, ಸ್ಟುಡಿಯೋದಲ್ಲಿ ನಿಂತು ಹಾಡಿದ ಹಾಗಿದೆ.

ಜಾಗ ತುಂಬುತ್ತಿತ್ತು. ಮೂಲ ಫೈಲ್‌ಗಳನ್ನು ಅಳಿಸಿದೆ. ನಾನು ಮಾಡಿದ್ದು ನನಗೇ ಇಷ್ಟವಾಗಿಬಿಟ್ಟಿದೆ, ಸುಳ್ಳು ಯಾಕೆ ಹೇಳಲಿ.


ಫೆಬ್ರವರಿ 2

ಮೇಷ್ಟ್ರ ಮನೆಯಲ್ಲಿ ಟ್ರಯಲ್. ಕುದೇರಿನಿಂದ ಮಾದೇಶ ಬಂದಿದ್ದ. ಟೊಮೆಟೊ ಗಾಡಿ ಓಡಿಸುತ್ತಾನೆ, ಈ ಸಲ ರಾಜನ ಪಾತ್ರ.

ಹಾಡು ಹಾಕಿದೆ. ಮೇಷ್ಟ್ರು ಹಾರ್ಮೋನಿಯಂ ಹಿಡಿದರು. ಮಾದೇಶ ಎರಡು ಸಾಲು ಹಾಡಿ ಏದುಸಿರು ಬಿಟ್ಟ. ಮತ್ತೆ ಹಾಕಿದೆ. ಮತ್ತೆ ಅಲ್ಲೇ ನಿಂತ.

"ಉಸ್ರು ಎಲ್ ತಕ್ಕೊಬೇಕಕ್ಕ? ಮೇಷ್ಟ್ರು ಉಸ್ರೇ ಬುಡ್ದಂಗೆ ಹಾಡವ್ರಲ್ಲ!"

ಮೇಷ್ಟ್ರು ಏನೋ ಪಿಸುಗುಟ್ಟಿದರು. ಹಾರ್ಮೋನಿಯಂ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕೈಸನ್ನೆ ಮಾಡಿದರು. ಮಾದೇಶ ನೋಡಿದರೆ ತಾನೆ? ಅವನ ಕಣ್ಣೆಲ್ಲ ಸ್ಪೀಕರ್ ಮೇಲೆ, ದೇವರು ಅಲ್ಲೇ ಕೂತಿದ್ದಾನೆ ಅನ್ನುವ ಹಾಗೆ.

ಆಮೇಲೆ ಮೇಷ್ಟ್ರು ನನ್ನನ್ನು ಹತ್ತಿರ ಕರೆದರು. ಬೈಯಲಿಲ್ಲ.

"ಚಂದಾಗದೆ ಕಣಮ್ಮಿ. ಆದ್ರೆ ಹಾಡ್ತಾ ಹಾಡ್ತಾ ನಾನು ಇಡ್ಕೊ, ಬುಡು, ಉಸ್ರು ತಕ್ಕೊ ಅಂತ ಅಂತಿದ್ನಲ್ಲ... ಅದೆಲ್ಲಿ?"

ಕಚಕ್ ಮಾಡಿದ್ದು ಅದನ್ನೇ. ಹಾಡುಗಾರನನ್ನು ಉಳಿಸಿ ಮೇಷ್ಟ್ರನ್ನು ಕಸಕ್ಕೆ ಹಾಕಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಂಥ ಕಿವಿ ನನ್ನದು!

ಸಂಜೆ ಕುದೇರಿನ ತಂಡದ ಯಜಮಾನ ಚಿಕ್ಕಮಲ್ಲಪ್ಪನವರ ಫೋನ್. ಮಾದೇಶ ಎಲ್ಲ ಹೇಳಿದ್ದಾನೆ.

"ಡಬ್ಬ ಹಾಡ್ತದೆ, ಹೇಳ್ಕೊಡಕಿಲ್ಲ ಅಂತವ್ನೆ ಕಣವ್ವ. ಮೇಷ್ಟ್ರು ಮ್ಯಾಲೆ ನಮ್ಗೂ ಗೌರವ ಅದೆ. ನಾಳೆ ಬುಟ್ಟು ಮುಂದಿನ್ ಸೋಮ್ವಾರ ಎಲ್ರೂ ಸೇರ್ತೀವಿ. ಅವತ್ತೂ ಇಂಗೇ ಆದ್ರೆ ಬೇರೆ ಮೇಷ್ಟ್ರಿಗೆ ವೀಳ್ಯ ಕೊಡದೆಯ."

"ಹಾಗಾಗಲ್ಲ ಸ್ವಾಮಿ. ಹೇಳ್ಕೊಡುತ್ತೆ" ಅಂದುಬಿಟ್ಟೆ.


ಫೆಬ್ರವರಿ 3

ಬೆಳಿಗ್ಗೆ ಮೊದಲ ಬಸ್ಸಿಗೇ ಚಾಮರಾಜನಗರ. ಗಿರೀಶ್ ನನ್ನನ್ನು ನೋಡಿದ್ದೇ ದೊಡ್ಡ ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

"ನಗಬೇಡಿ."

"ನಗ್ತಿಲ್ಲ ಮೇಡಂ. ಕಿವಿ ಕೊಟ್ಟು ನೋಡಲ್ವಾ?"

"ಕರಕರ ಅನ್ನಲಿ ಬಿಡಿ."

ಮಧ್ಯಾಹ್ನದ ಹೊತ್ತಿಗೆ ಕ್ಯಾಬಿನೆಟ್ ಬಿಚ್ಚಿ ನಾನೇ ಕೂರಿಸಿದೆ. ಅಪ್ಪ ಕ್ಯಾಸೆಟ್‌ಗಳನ್ನು ಮತ್ತೆ ಸಾಲಾಗಿ ಜೋಡಿಸಿತ್ತು. ಮೊದಲನೆಯದು ಹಾಕಿ ರೆಕಾರ್ಡ್ ಒತ್ತಿದೆ. ಮೌಸ್ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.


ಫೆಬ್ರವರಿ 6

ಒಂದು ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಬಟ್ಟೆ ತುಂಡು ಉದುರಿಹೋಗಿದೆ. ಹಾಡು ತೇಲಿ ತೇಲಿ ಬರುತ್ತಿತ್ತು. ಅದೇ ರಾಜನ ಹಾಡಿನ ಕ್ಯಾಸೆಟ್. ಅಪ್ಪ ಹಾಳಾದ ಕ್ಯಾಸೆಟ್ ಒಂದನ್ನು ಬಿಚ್ಚಿ, ಅದರ ತುಂಡನ್ನು ಇದಕ್ಕೆ ಕೂರಿಸಿತು. ಉಸಿರು ಬಿಗಿಹಿಡಿದು ಪ್ಲೇ ಒತ್ತಿದೆ. ಬಂತು!

ಈ ಸಲ ಕೇಳುವುದೇ ಬೇರೆ. ಹಾಡಿಗಿಂತ ಅದರ ಸಂದಿಯನ್ನೇ ಕೇಳುತ್ತಿದ್ದೇನೆ. "ಹ್ಞೂ." "ಏ, ತಡಿ." "ಈಗ ಎತ್ಕೊ." "ಎದೆಯಿಂದ ಕಣ್ಲಾ, ಮೂಗಿಂದಲ್ಲ." ರಾಣಿ ಪಾತ್ರದವನ ಸೆರಗು ಹಾರ್ಮೋನಿಯಂಗೆ ಸಿಕ್ಕಿಕೊಂಡಾಗ ಬೈದಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಪ್ಪ ಬಿದ್ದು ಬಿದ್ದು ನಕ್ಕಿತು.

ಕೆಮ್ಮು, ಶಿಳ್ಳೆ ಮಾತ್ರ ತೆಗೆಯುತ್ತಿದ್ದೇನೆ. ಅದೂ ಕಾಪಿಯಲ್ಲಿ. ಮೂಲವನ್ನು ಮುಟ್ಟುವುದಿಲ್ಲ.

ನನಗೆ ಭಯ ಇಲ್ಲ. ಆಗುತ್ತೆ.


ಫೆಬ್ರವರಿ 10, ಸಂಜೆ. ಕುದೇರು

ತಾಲೀಮು ಮನೆಯಲ್ಲಿ, ಡಬ್ಬದ ಹಿಂದೆ ಕೂತು ಬರೆಯುತ್ತಿದ್ದೇನೆ. ಹಾಡು ಓಡುವಾಗ ನನಗೇನು ಕೆಲಸ?

ಆಂಪ್ಲಿಫೈಯರ್ ಜೊತೆಗೆ ಕಂಪ್ಯೂಟರನ್ನೂ ಗೂಡ್ಸ್ ಆಟೋದಲ್ಲಿ ತಂದೆವು. ದಾರಿಯುದ್ದಕ್ಕೂ ಅಪ್ಪ ಅದನ್ನು ತಬ್ಬಿಕೊಂಡೇ ಕೂತಿತ್ತು. ಊರಿನ ಗಂಡಸರೆಲ್ಲ ಗೋಡೆಗೆ ಒರಗಿದ್ದಾರೆ. ಚಿಕ್ಕಮಲ್ಲಪ್ಪನವರ ಪಕ್ಕದಲ್ಲಿ ವೀಳ್ಯದ ತಟ್ಟೆ, ಮೇಲೊಂದು ಟವೆಲ್ ಮುಚ್ಚಿದೆ. ಯಾರೂ ಅದರ ಮಾತೆತ್ತುವುದಿಲ್ಲ.

ರಾಜನ ಹಾಡು ಹಾಕಿದೆ. ಮೇಷ್ಟ್ರ ದನಿ ಸ್ಪೀಕರಿನಲ್ಲಿ ಎದ್ದಾಗ ಹಿರಿಯರೆಲ್ಲ ನೆಟ್ಟಗೆ ಕೂತರು. ಮಾದೇಶ ಜೊತೆಗೆ ಎತ್ತಿಕೊಂಡ. ಎಂದಿನ ಹಾಗೆ ಸಾಲಿನ ಮೇಲೆ ಸಾಲು ಓಡಿಸಿದ. ಸ್ಪೀಕರ್ ಗದರಿತು—

"ಉಸ್ರು ತಕ್ಕಳ್ಲಾ! ನಿನ್ ರಾಜ್ಯನ ಯಾರೂ ಒತ್ಕೊಂಡು ಓಡೋಯ್ತಾ ಇಲ್ಲ!"

ಅಂದಿನ ಯಾವನೋ ರಾಜನಿಗೆ ಅಂದಿದ್ದು. ಮಾದೇಶ ಬೆಚ್ಚಿಬಿದ್ದು ಉಸಿರು ತಗೊಂಡ. ಇಡೀ ಮನೆ ಹೋ ಅಂತ ನಕ್ಕಿತು. "ಹ್ಞೂ... ಈಗ ಎತ್ಕೊ" ಅಂದಿತು ಸ್ಪೀಕರ್. ಎತ್ತಿಕೊಂಡ. ಸಾಲು ಪೂರ್ತಿ ಬಂತು! ಮೇಷ್ಟ್ರು ನಗಲಿಲ್ಲ. ತಮ್ಮದೇ ದನಿಗೆ ತುಟಿ ಅಲ್ಲಾಡಿಸುತ್ತಿದ್ದರು. ಕಣ್ಣು ಒದ್ದೆ. ನನಗೂ ಪರದೆ ಮಂಜಾಯಿತು.

ಎರಡನೇ ಚರಣ. ಅಲ್ಲಿ ಟೇಪಿನಲ್ಲಿ ಯಾವ ಮಾತೂ ಇಲ್ಲ. ಅಂದಿನ ರಾಜ ಅಲ್ಲಿ ತಪ್ಪಿರಲಿಲ್ಲ. ಮಾದೇಶ ತಪ್ಪಿದ. ತಪ್ಪಿ ಸ್ಪೀಕರ್ ಕಡೆ ನೋಡಿದ. ಅದು ಸುಮ್ಮನೆ ಹಾಡುತ್ತಿತ್ತು. ನನ್ನ ಕಡೆ ನೋಡಿದ.

ಮೇಷ್ಟ್ರು ಹಾರ್ಮೋನಿಯಂ ಮೇಲೆ ಅಂಗೈಯಿಂದ ಫಟ್ ಅಂತ ಹೊಡೆದರು. ನಾನು ಹಾಡು ನಿಲ್ಲಿಸಿದೆ. ಮಾದೇಶ ಅವರ ಕಡೆ ತಿರುಗಿದ. ಇಷ್ಟು ದಿನದಲ್ಲಿ ಇದೇ ಮೊದಲ ಸಲ. ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು ನಿಧಾನಕ್ಕೆ ಉಸಿರು ತುಂಬಿ ತೋರಿಸಿದರು. ಆಪರೇಷನ್ ಆದ ಗಂಟಲಲ್ಲಿ ಸೂ ಅನ್ನುವ ಸದ್ದು. ಅಷ್ಟು ಜನ ಕೂತಿದ್ದ ಮನೆಯಲ್ಲಿ ಅದೊಂದೇ ಕೇಳಿಸಿತು. ಮಾದೇಶ ಹಾಗೇ ಉಸಿರು ತುಂಬಿದ. ಮೇಷ್ಟ್ರು ಬೆರಳು ಎತ್ತಿದರು. ಮಾದೇಶ ಹಾಡಿದ—ಕಂಪ್ಯೂಟರ್ ಇಲ್ಲದೆ, ಬರೀ ಅವರ ಬೆರಳು ನೋಡಿಕೊಂಡು, ಕೊನೇವರೆಗೂ.

ಚಿಕ್ಕಮಲ್ಲಪ್ಪ ಎದ್ದರು. ಟವೆಲ್ ಸರಿಸಿ ತಟ್ಟೆ ಎತ್ತಿಕೊಂಡು ಬರುತ್ತಿದ್ದಾರೆ. ಮೇಷ್ಟ್ರು ಮಾತ್ರ ಕೈ ಅಡ್ಡ ಹಿಡಿದು ತಡೀರಿ ಅಂತ ಸನ್ನೆ ಮಾಡಿದರು. ಮೂರನೇ ಚರಣ ಇನ್ನೂ ಬಾಕಿ ಅಂತೆ! ತಟ್ಟೆ ಹಿಡಿದುಕೊಂಡೇ ಯಜಮಾನರು ನಿಂತಿದ್ದಾರೆ, ಮಾದೇಶ ಬೆವರು ಒರೆಸಿಕೊಳ್ಳುತ್ತಿದ್ದಾನೆ, ಮೇಷ್ಟ್ರು ನನ್ನ ಕಡೆ ಬೆರಳು ಎತ್ತಿದರು. ಪೆನ್ನು ಬಿಡಬೇಕು, ಹಾಡು ಹಾಕಬೇಕು—