ಷಡ್ಡಕನ ದ್ರಾಕ್ಷಿತೋಟ

ಸೆಪ್ಟೆಂಬರ್ ೧೪, ಗುರುವಾರ. ಬೆಳಗ್ಗೆ

ಲೆಕ್ಕ ಮೊದಲೇ ಬರೆದಿಡುವುದು ಒಳ್ಳೆಯದು. ಆಮೇಲೆ ಬರೆದರೆ ಹೊಟ್ಟೆ ಉರಿಯುತ್ತದೆ.

ಪೆಟ್ರೋಲ್ — ನನ್ನದು. ಸರೋವರದ ದಂಡೆಯ ಲಾಡ್ಜಿನಲ್ಲಿ ಎರಡು ರೂಮು — ಅಡ್ವಾನ್ಸ್ ನನ್ನದು, ‘ಆಮೇಲೆ ಸರಿಮಾಡ್ಕೊಳ್ಳೋಣ’ ಎಂಬ ಮಾತು ಷಡ್ಡಕನದು. ದೋಣಿ ಟಿಕೆಟ್ಟು, ವೈನ್ ರುಚಿ ನೋಡುವ ಟಿಕೆಟ್ಟು — ನನ್ನವೇ. ನನ್ನ ಹೋಟೆಲನ್ನು ಅಡುಗೆಯವನ ಕೈಗೆ ಬಿಟ್ಟು ಹೋಗುವ ನಷ್ಟ — ವಾಪಸ್ ಬಂದ ಮೇಲೆ ಗೊತ್ತಾಗುತ್ತದೆ. ಷಡ್ಡಕನ ಖರ್ಚು: ಒಂದು ಹೊಸ ಟೋಪಿ.

ಇವಳ, ಅಂದರೆ ನನ್ನ ಹೆಂಡತಿಯ, ತಂಗಿಯ ಗಂಡ. ಇನ್ಶೂರೆನ್ಸ್ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದು ಅವಧಿಗೆ ಮುಂಚೆ ರಿಟೈರ್ ಆದವನು. ಈಗ ವೈನ್ ಹುಚ್ಚು. ಸರೋವರದ ಆಚೆ ದಂಡೆಯಲ್ಲಿ ಒಂದು ವೈನರಿಯ ಅರ್ಧ ಪಾಲು ಕೊಳ್ಳುತ್ತಾನಂತೆ. ಭಾನುವಾರ ಸಹಿ. ಅದಕ್ಕೆ ಮುಂಚೆ ನಾವೆಲ್ಲ ಹೋಗಿ ತಿರುಗಾಡಿ, ತಿಂದು, ಕುಡಿದು, ಬಾಯ್ತುಂಬ ಹೊಗಳಬೇಕು.

ನನ್ನನ್ನು ಕರೆದದ್ದು ಯಾಕೆಂದು ಗೊತ್ತು. ಒಮ್ಮೆ ತನ್ನ ಆಫೀಸಿನವರಿಗೆಲ್ಲ ನನ್ನನ್ನು ಪರಿಚಯಿಸಿದ್ದ: “ನಮ್ಮ ಷಡ್ಡಕರು. ಟೇಬಲ್ ಒರೆಸಿ ಮೇಲೆ ಬಂದವರು.” ಎಲ್ಲರೂ ನಕ್ಕರು. ನಾನೂ ನಕ್ಕೆ. ಒರೆಸಿದ್ದು ನಿಜ. ಅದನ್ನು ಹೇಳುವ ಹಕ್ಕು ನನ್ನದು, ಅವನದಲ್ಲ.

ಸೆಪ್ಟೆಂಬರ್ ೧೫, ಶುಕ್ರವಾರ. ಸಂಜೆ

ಬೆಳಗ್ಗೆ ದೋಣಿ. ನೀರು ಚೆನ್ನಾಗಿದೆ, ಒಪ್ಪುತ್ತೇನೆ. ಇಳಿಜಾರಿನುದ್ದಕ್ಕೂ ದ್ರಾಕ್ಷಿ ಸಾಲುಗಳು, ಬಾಚಿದ ತಲೆಯ ಹಾಗೆ. ಮೊದಲ ತೋಟದಲ್ಲಿ ಷಡ್ಡಕ ಗ್ಲಾಸಿಗೆ ಮೂಗು ತುರುಕಿ ಭಾಷಣ ಸುರು ಮಾಡಿದ.

“ಚೆರ್ರಿ... ಹಸೀ ಹುಲ್ಲು... ಕೊನೇಲಿ ಹಳೇ ಚರ್ಮ.”

“ಚರ್ಮ ನಿಮ್ಮ ಶೂದಿರ್ಬೇಕು ನೋಡಿ,” ಎಂದೆ.

ಇವಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾದಿನಿ ಮಾತ್ರ ಆ ಕಡೆ ಮುಖ ತಿರುಗಿಸಿ ನಕ್ಕಳು.

ದಡದ ಗೂಡಂಗಡಿಯಲ್ಲಿ ಹೊಗೆಯಲ್ಲಿ ಬೇಯಿಸಿದ ಸರೋವರದ ಮೀನು. ಇದರ ಬಗ್ಗೆ ಜಗಳವಿಲ್ಲ. ಉಪ್ಪು ಬಿಟ್ಟರೆ ಬೇರೇನೂ ಹಾಕಿಲ್ಲ. ನನ್ನ ಅಡುಗೆಯವನು ಇದನ್ನು ನೋಡಬೇಕು.

ಮಧ್ಯಾಹ್ನ ಕಾರಿನಲ್ಲಿ ಷಡ್ಡಕನ ವೈನರಿಗೆ. ಯಜಮಾನ ನಗುಮುಖದವನು. ತುಂಬಾ ನಗುಮುಖ. ಕೂರುವ ಮೊದಲೇ ಚೀಸ್ ಬಂತು. ಮೊದಲ ಗ್ಲಾಸಿನ ಜೊತೆ ಮೇಕೆ ಹಾಲಿನ ಚೀಸ್. ಎರಡನೆಯದಕ್ಕೆ ಬೆಣ್ಣೆಯಲ್ಲಿ ಹುರಿದ ಅಣಬೆ. ಆಮೇಲೆ ಇನ್ನೊಂದು ಚೀಸ್, ಮೂಗು ಮುಚ್ಚಿಕೊಳ್ಳುವಂಥದ್ದು. ನೀರು ಕೇಳಿದೆ. “ತರಿಸ್ತೀನಿ ತರಿಸ್ತೀನಿ,” ಎಂದು ವಾಲ್‌ನಟ್ ತರಿಸಿದ. ನನ್ನ ನಾಲಿಗೆಯನ್ನು ಒಂದು ನಿಮಿಷ ಖಾಲಿ ಬಿಡಲಿಲ್ಲ. ಅಷ್ಟು ಪ್ರೀತಿ ನನಗೆ ಸಂಬಂಧಿಕರಿಂದಲೇ ಸಿಕ್ಕಿಲ್ಲ, ವ್ಯಾಪಾರಸ್ಥನಿಂದ ಯಾಕೆ?

ಹೋಟೆಲಿಗೆ ವೈನ್ ಕೊಳ್ಳುವಾಗ ನಾನು ಸೇಬಿನ ಹೋಳು ಕಚ್ಚಿ ರುಚಿ ನೋಡುತ್ತೇನೆ. ಸೇಬಿನ ಮುಂದೆ ವೈನಿನ ಯಾವ ಕೊಳಕೂ ಅಡಗುವುದಿಲ್ಲ. ಚೀಸಿನ ಕೊಬ್ಬು ಅಂಟಿದ ನಾಲಿಗೆಗೆ ಎಂಥ ಹುಳಿಯೂ ಹಿತವೇ.

ಗಾಳಿ ಬೇಕೆಂದು ಹೇಳಿ ಗ್ಲಾಸ್ ಹಿಡಿದು ಹೊರಗೆ ಬಂದೆ. ಕೊಳಾಯಿಯಲ್ಲಿ ಬಾಯಿ ಮುಕ್ಕಳಿಸಿದೆ. ಕಾರಿನಲ್ಲಿ ಇವಳು ಕಟ್ಟಿಕೊಂಡು ಬಂದ ಸೇಬು ಇತ್ತು. ಕಚ್ಚಿದೆ. ಒಂದು ಗುಟುಕು.

ಕೆಟ್ಟಿದೆ. ಅರ್ಧ ವಿನೆಗರ್ ಆಗಿಹೋಗಿದೆ. ಸೇಬನ್ನು ಜೇಬಿನಲ್ಲಿಟ್ಟುಕೊಂಡು ಒಳಗೆ ಹೋಗಿ ಉಳಿದ ಗ್ಲಾಸುಗಳನ್ನೂ ಹಾಗೇ ನೋಡಿದೆ. ಎಲ್ಲ ಪೀಪಾಯಿಯದೂ ಒಂದೇ ಕಥೆ.

ಷಡ್ಡಕ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. “ಹೇಗಿದೆ ಭಾವ?”

“ನಿಮಗೆ ತಕ್ಕ ಹಾಗಿದೆ,” ಎಂದೆ.

ಖುಷಿಪಟ್ಟ.

ಅವನ ರಿಟೈರ್ಮೆಂಟ್ ದುಡ್ಡು, ಅವನ ನಾಲಿಗೆ. ನನಗೇನು? ಬಹಳ ದಿನದ ಮೇಲೆ ಊಟ ಸೇರಿತು.

ಸೆಪ್ಟೆಂಬರ್ ೧೬, ಶನಿವಾರ. ಮಧ್ಯಾಹ್ನ

ಇವಳೂ ಷಡ್ಡಕನೂ ಬಾಟಲಿ ಅಂಗಡಿಯಲ್ಲಿ. ನಾನು, ನಾದಿನಿ ದಂಡೆಯ ಸಂತೆ ಸುತ್ತಿದೆವು. ಅವಳದು ಹೊಲಿಗೆ ಅಂಗಡಿ. ಬಟ್ಟೆ ಕಂಡಲ್ಲಿ ಕೈ ಹೋಗುತ್ತದೆ. ಮೇಜಿನ ಹಾಸಿನ ಅಂಚನ್ನು ತಿರುವಿ ನೋಡಿ, “ಈ ಹೊಲಿಗೆ ಎರಡು ಒಗೆತಕ್ಕೆ ಬಿಟ್ಕೊಳ್ಳತ್ತೆ ಭಾವ,” ಎಂದಳು. ಅಂಗಡಿಯವನ ಎದುರಿಗೇ. ಈ ಮನೆತನದಲ್ಲಿ ನನಗೆ ಹಿಡಿಸುವುದು ಇವಳೊಬ್ಬಳೇ.

ಆಮೇಲೆ ಹೇಳಿದಳು — “ನಾಳೆ ಸಹಿ ಹಾಕೋದು ಅವರಲ್ಲ, ನಾನು.”

“ನೀನ್ಯಾಕೆ?”

“ಅವರ ದುಡ್ಡೆಲ್ಲಿದೆ? ಮನೆ ಸಾಲಕ್ಕೆ ಹೋಯ್ತು. ನನ್ನ ಅಂಗಡಿ ಕಟ್ಟಡ ಇದೆಯಲ್ಲ, ಅದನ್ನ ಆ ವೈನರಿ ಯಜಮಾನ್ರಿಗೆ ಬರ್ಕೊಟ್ರೆ ಅರ್ಧ ಪಾಲು ನಮಗೆ.”

ನಿಂತುಬಿಟ್ಟೆ. ಒಂದು ಬಾಡಿಗೆ ಮಿಷಿನ್ ಇಟ್ಟುಕೊಂಡು ಮೆಟ್ಟಿಲ ಕೆಳಗೆ ಕೂತು ಸುರು ಮಾಡಿದವಳು. ಆ ಕಟ್ಟಡದ ಇಟ್ಟಿಗೆ ಇಟ್ಟಿಗೆಯೂ ಅವಳ ಸೂಜಿಯಿಂದ ಬಂದದ್ದು.

“ಭಾವ, ನಿಮಗೆ ಗೊತ್ತಿರತ್ತೆ. ಆ ವೈನ್ ನಿಜವಾಗ್ಲೂ ಚೆನ್ನಾಗಿದೆಯಾ?”

“ನಿನ್ನ ಗಂಡನಿಗೆ ತಿಳೀದೇ ಇರೋದು ನನಗೇನಮ್ಮ ತಿಳಿಯತ್ತೆ? ನಾನು ಟೇಬಲ್ ಒರೆಸೋನು.”

ನಕ್ಕಳು. ತಮಾಷೆ ಎಂದುಕೊಂಡಳು.

ಯಾಕೆ ಹಾಗೆಂದೆ? ಕೇಳಿದವಳು ಅವಳು. ನಾನು ಉತ್ತರ ಕೊಟ್ಟದ್ದು ಅವನಿಗೆ.

ಸಂಜೆ

ಊಟದ ಹೊತ್ತಿಗೆ ಷಡ್ಡಕ ಉಬ್ಬಿಹೋಗಿದ್ದ. “ನಾಳೆಯಿಂದ ನನ್ನ ವೈನರಿಗೆ ಜನ ಬೇಕು ಭಾವ. ಟೇಬಲ್ ಒರೆಸೋಕೆ. ಅನುಭವ ಇರೋರು.”

ಇವಳು ಕೂಡ ನಕ್ಕಳು! ನಾದಿನಿ ನಗಲಿಲ್ಲ. ಮೀನಿನ ಒಳ್ಳೆಯ ತುಂಡನ್ನು ಸುಮ್ಮನೆ ನನ್ನ ಕಡೆ ಸರಿಸಿದಳು.

ಆ ತುಂಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಸೆಪ್ಟೆಂಬರ್ ೧೭, ಭಾನುವಾರ. ಮಧ್ಯಾಹ್ನ

ವೈನರಿಯ ಆಫೀಸು. ಕಾಗದ ರೆಡಿ. ಯಥಾಪ್ರಕಾರ ಚೀಸ್. ನಾನು ಸಂತೆಯಲ್ಲಿ ಕೊಂಡ ಸೇಬು ತೆಗೆದು, ಹೆಚ್ಚಿ, ಕಾಗದದ ಮೇಲೇ ಇಟ್ಟೆ.

“ಮೊದಲು ನೀರು ಕುಡಿ,” ಎಂದೆ ನಾದಿನಿಗೆ. “ಆಮೇಲೆ ಇದು. ಆಮೇಲೆ ವೈನ್.”

ಯಜಮಾನನ ನಗು ಅಲ್ಲೇ ಇತ್ತು, ಆದರೆ ಒಳಗೆ ಯಾರೂ ಇರಲಿಲ್ಲ.

“ಸುರುವಾಯ್ತು ನೋಡಿ!” ಷಡ್ಡಕ ಎದ್ದು ನಿಂತ. “ನಂಗೊತ್ತಿತ್ತು. ನಾನೊಂದು ಮೆಟ್ಲು ಹತ್ತಿದ್ರೆ ಇವರಿಗೆ ತಡಕೊಳ್ಳಕ್ಕಾಗಲ್ಲ. ಹೊಟ್ಟೆಕಿಚ್ಚು!”

“ಹೌದು, ಹೊಟ್ಟೆಕಿಚ್ಚು,” ಎಂದೆ. “ನೀವೂ ಒಂದು ಹೋಳು ತಗೊಳ್ಳಿ. ಬಿಟ್ಟಿ.”

ಅವನು ಮುಟ್ಟಲಿಲ್ಲ. ನಾದಿನಿ ತಗೊಂಡಳು. ನಿಧಾನವಾಗಿ ಅಗಿದಳು. ಗ್ಲಾಸ್ ಎತ್ತಿದಳು. ಅವಳ ಮುಖವನ್ನು ನೋಡುತ್ತಲೇ ಇದ್ದೆ. ಹುಬ್ಬು ಗಂಟಿಕ್ಕಿತು. ರುಚಿ ನೋಡಿದವರು ಉಗಿಯಲೆಂದು ಇಟ್ಟ ಬಕೆಟ್ಟಿಗೆ ಉಗಿದಳು. ಇನ್ನೊಂದು ಗ್ಲಾಸಿನಿಂದ ಮತ್ತೊಮ್ಮೆ. ಮತ್ತೆ ಉಗಿದಳು. ಪೆನ್ನಿಗೆ ಕ್ಯಾಪ್ ಹಾಕಿದಳು.

“ಏಯ್, ಎಲ್ಲ ಮಾತಾಡಿ ಆಗಿದೆ ಕಣೇ!” ಷಡ್ಡಕ ಕಿರುಚಿದ.

“ಮಾತಾಡಿದ್ದು ನೀವು. ಅಂಗಡಿ ನಂದು.”

ಅಲ್ಲಿಗೆ ಮುಗಿದಿದ್ದರೆ ನಾನು ಹಾಡು ಹೇಳಿಕೊಂಡು ಮನೆಗೆ ಬರುತ್ತಿದ್ದೆ. ಅವಳು ನನ್ನ ಕಡೆ ತಿರುಗಿದಳು.

“ನಿಮಗೆ ಯಾವಾಗ ಗೊತ್ತಾಯ್ತು ಭಾವ?”

ಸುಳ್ಳು ಹೇಳಬಹುದಿತ್ತು. ಬಾಯಲ್ಲಿ ಜೀವನ ಮಾಡಿದವನು ನಾನು, ಬರುವುದಿಲ್ಲವೆಂದೇನಿಲ್ಲ.

“ಶುಕ್ರವಾರ.”

“ನಿನ್ನೆ ಕೇಳಿದ್ನಲ್ಲ.”

ಉಳಿದ ಸೇಬಿನ ಹೋಳುಗಳನ್ನು ಕಾಗದದ ಮೇಲಿಂದ ಒಟ್ಟು ಮಾಡತೊಡಗಿದೆ.

“ಅವರು ಮುಳುಗೋದನ್ನ ನೋಡ್ಬೇಕಿತ್ತು ನಿಮಗೆ. ಜೊತೇಲಿ ನಾನು ಹೋದ್ರೂ ಪರವಾಗಿಲ್ಲ ಅಂತ.”

“ನಿನ್ನದು ಅಂತ ಶುಕ್ರವಾರ ನನಗೆ ಗೊತ್ತಿರಲಿಲ್ಲಮ್ಮ.”

“ಶನಿವಾರ ಗೊತ್ತಿತ್ತು.”

ವಾಪಸ್ ಅದೇ ಕಾರಿನಲ್ಲಿ ಬಂದೆವು. ಷಡ್ಡಕನ ಟೋಪಿ ಅವನ ತೊಡೆಯ ಮೇಲೆ. ಸರೋವರ ಕಿಟಕಿಯಲ್ಲಿ ಬಹಳ ಹೊತ್ತು ಇತ್ತು.

ಸೆಪ್ಟೆಂಬರ್ ೨೪

ಒಂದು ವಾರ. ಇವಳು ಮಾತಾಡುತ್ತಿಲ್ಲ. ಮೊದಲ ದಿನ ಮಾತ್ರ ಒಂದು ಹೇಳಿದಳು: “ಎರಡು ದಿನ ನನ್ನ ಪಕ್ಕದಲ್ಲೇ ಮಲಗಿದ್ರಿ. ನನಗೂ ಹೇಳ್ಲಿಲ್ಲ.”

ಅವಳ ತಂಗಿಯ ಅಂಗಡಿ ಉಳಿಸಿದವನು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಉತ್ತರ ಗೊತ್ತಿದೆ — ಸೇಬು.

ಅಕ್ಟೋಬರ್ ೮, ಭಾನುವಾರ. ರಾತ್ರಿ ಊಟಕ್ಕೆ ಮುಂಚೆ

ಲಾಡ್ಜಿನ ಅರ್ಧ ದುಡ್ಡು ಬಂತು. ಷಡ್ಡಕನಿಂದಲ್ಲ. ನಾದಿನಿ ಕಳಿಸಿದ್ದಾಳೆ, ಪೈಸೆ ಬಿಡದೆ. ಜೊತೆಗೆ ಚೀಟಿಯಿಲ್ಲ. ಮೊನ್ನೆ ಫೋನ್ ನಾನೇ ಎತ್ತಿದೆ. “ಅಕ್ಕ ಇದಾರಾ?” ಎಂದಳು. ಭಾವ ಎನ್ನಲಿಲ್ಲ.

ಯಾರಿಗೆ ಏನು ಬಂತು, ಬರೆದು ಮುಗಿಸುತ್ತೇನೆ.

ಯಜಮಾನನಿಗೆ: ಇನ್ನೊಬ್ಬ ಗಿರಾಕಿ. ಸಿಕ್ಕೇ ಸಿಗುತ್ತಾನೆ, ಟೋಪಿಗೇನು ಬರ.

ಷಡ್ಡಕನಿಗೆ: ‘ನನ್ನ ಏಳಿಗೆ ತಪ್ಪಿಸಿದ’ ಎಂದು ಸಾಯುವವರೆಗೆ ಹೇಳಲು ಒಂದು ಕಥೆ. ಅದಕ್ಕೆ ಕೇಳುವವರೂ ಸಿಕ್ಕಿದ್ದಾರಂತೆ.

ನಾದಿನಿಗೆ: ಅಂಗಡಿ.

ಇವಳಿಗೆ: ತಂಗಿ. ನಾನಿಲ್ಲದ ಹೊತ್ತಿನಲ್ಲಿ.

ನನಗೆ —

ಇವಳು ಅಡುಗೆಮನೆಯಲ್ಲಿ ತಟ್ಟೆ ಕುಕ್ಕಿದಳು. ಊಟಕ್ಕೆ ಬನ್ನಿ ಎಂದರ್ಥ. ಮೂರು ವಾರದಿಂದ ಹೀಗೇ ಕರೆಯುತ್ತಾಳೆ.